ಅಕ್ಕೋರೆ, ನಿಮ್ಮ ನಿಲುವೇನು? ಕಾರವಾರ–ಅಂಕೋಲಾ ಮತದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಬರುವ ವಿಧಾನಸಭಾ ಚುನಾವಣೆಯಲ್ಲಿ ಕಾರವಾರ ಕ್ಷೇತ್ರದಿಂದ ಪಕ್ಷೇತರಳಾಗಿ ನಿಲ್ಲುತ್ತೇನೆಂದು ಹೇಳಿದ ದಿನದಿಂದ ಮನೆಯಂಗಳದಲ್ಲಿ, ಮೀನು ಪೇಟೆಯಲ್ಲಿ, ಬಸ್ಸಿನಲ್ಲಿ ಜನ ಕೇಳಿದ ಪ್ರಶ್ನೆಗಳನ್ನೂ ಪತ್ರಗಳಲ್ಲಿ ಬಂದವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ. ಎರಡಕ್ಕಿಂತ ಹೆಚ್ಚು ಸಲ ಬಂದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ತಿದ್ದದೆ ಹಾಗೆಯೇ ಇಟ್ಟಿದ್ದೇನೆ.

## ಮೊದಲಿಗೆ ಕೇಳುವ ಪ್ರಶ್ನೆಗಳು

ಅಕ್ಕೋರೆ, ಶಾಲೆ ಬಿಟ್ಟು ನಿಮಗೆಂತಕ್ಕೆ ಈ ರಾಜಕೀಯ? ಪಕ್ಷ ಇಲ್ಲದೆ ಒಬ್ಬರೇ ಹೋಗಿ ಎಂತ ಮಾಡ್ತ್ರಿ?

ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಸರಕಾರಿ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಈ ನೆಲದಿಂದ ದೇಶಕ್ಕೆ ಬೇಕಾದದ್ದನ್ನು ಒಂದರ ಮೇಲೊಂದು ಪಡೆಯಲಾಗಿದೆ: ಕಾಳಿ ನದಿಯ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ನೌಕಾನೆಲೆ, ರೈಲು, ಹೆದ್ದಾರಿ. ಕೊಟ್ಟವರ ಲೆಕ್ಕ ಮಾತ್ರ ಇನ್ನೂ ಚುಕ್ತಾ ಆಗಿಲ್ಲ. ಹಳೆಯ ಬಾಕಿ ತೀರಿಸದೆ ಹೊಸ ಜಾಗ ಕೇಳಬೇಡಿ ಎಂದು ಸದನದಲ್ಲಿ ಹೇಳುವವರೊಬ್ಬರು ಬೇಕು ಎಂಬುದೇ ನಾನು ನಿಂತ ಕಾರಣ.

224 ಶಾಸಕರಲ್ಲಿ ಒಬ್ಬಳಿಂದ ಸರಕಾರ ಬದಲಾಗುವುದಿಲ್ಲ, ನಿಜ. ಆದರೆ ಶಾಸಕಿಯ ಪ್ರಶ್ನೆಗೆ ಇಲಾಖೆ ಲಿಖಿತ ಉತ್ತರ ಕೊಡಲೇಬೇಕು. ಇಲಾಖೆಗಳ ಕೆಲಸದ ಪ್ರಗತಿ ನೋಡುವ ತಾಲೂಕಿನ ಕೆಡಿಪಿ ಸಭೆಯ ಅಧ್ಯಕ್ಷತೆ ಶಾಸಕರದ್ದು. ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿಯೂ ಇದೆ. ಹೆದ್ದಾರಿ, ರಕ್ಷಣೆ, ಅಣುಶಕ್ತಿ, ರೈಲು ಕೇಂದ್ರದ ಕೈಯಲ್ಲಿವೆ. ಅಲ್ಲಿ ನನಗಿರುವುದು ಒತ್ತಾಯಿಸುವ ಶಕ್ತಿ ಮಾತ್ರ. ಮುಂದಿನ ಉತ್ತರಗಳಲ್ಲಿ ಯಾವುದು ನನ್ನ ಕೈಯಲ್ಲಿದೆ, ಯಾವುದು ಇಲ್ಲ ಎಂಬುದನ್ನು ಬಿಡಿಸಿಯೇ ಹೇಳಿದ್ದೇನೆ.

ಗೆದ್ದ ಮೇಲೆ ಯಾವ ಪಕ್ಷಕ್ಕೆ ಹೋಗ್ತ್ರಿ, ಈಗಲೇ ಹೇಳಿಬಿಡಿ.

ಯಾವುದಕ್ಕೂ ಇಲ್ಲ. ಪಕ್ಷೇತರರಾಗಿ ಗೆದ್ದವರು ಆಮೇಲೆ ಪಕ್ಷವೊಂದನ್ನು ಸೇರಿದರೆ ಸಂವಿಧಾನದ 10ನೇ ಪರಿಚ್ಛೇದದ ಪ್ರಕಾರ ಸದಸ್ಯತ್ವಕ್ಕೆ ಅನರ್ಹರಾಗುತ್ತಾರೆ. ಪಕ್ಷ ಸೇರದೆ ಸರಕಾರಕ್ಕೆ ಬೆಂಬಲ ಕೊಡಲು ಅವಕಾಶವಿದೆ. ಅಂಥ ಸಂದರ್ಭ ಬಂದರೆ ಎರಡೂ ತಾಲೂಕುಗಳಲ್ಲಿ ಸಭೆ ಕರೆದು, ಕಾರಣವನ್ನು ನಿಮ್ಮೆದುರು ಹೇಳಿದ ಮೇಲೆಯೇ ನಿರ್ಧರಿಸುತ್ತೇನೆ.

ಖರ್ಚಿಗೆ ದುಡ್ಡು ಯಾರು ಕೊಡ್ತಾರೆ?

ವಿಧಾನಸಭಾ ಅಭ್ಯರ್ಥಿ ಮಾಡಬಹುದಾದ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ನನ್ನ ಖರ್ಚು ಅದರ ಹತ್ತಿರವೂ ಹೋಗುವುದಿಲ್ಲ. 10,000 ರೂಪಾಯಿಯ ಠೇವಣಿಯನ್ನು ನನ್ನ ಪಿಂಚಣಿಯಿಂದ ಕಟ್ಟುತ್ತೇನೆ. ಉಳಿದದ್ದು ಹಳೆಯ ವಿದ್ಯಾರ್ಥಿಗಳು ಕೊಟ್ಟದ್ದು. ಗುತ್ತಿಗೆದಾರರಿಂದ, ಮರಳು ವ್ಯಾಪಾರದವರಿಂದ, ಬಂದರು ಕಂಪನಿಗಳಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ.

## ಮನೆಬಾಗಿಲಿನ ವಿಷಯಗಳು

ಆಸ್ಪತ್ರೆ ವಿಚಾರದಲ್ಲಿ ಎಲ್ಲರೂ ಭರವಸೆ ಕೊಟ್ಟು ಹೋದರು. ನೀವು ಬೇರೆ ಎಂತ ಹೇಳ್ತ್ರಿ?

ಒಂದು ಮಳೆಗಾಲದ ರಾತ್ರಿ ಪಾರ್ಶ್ವವಾಯು ಬಡಿದ ನನ್ನ ಅತ್ತಿಗೆಯನ್ನು ಅಂಕೋಲೆಯಿಂದ ಆಂಬುಲೆನ್ಸಿನಲ್ಲಿ ದಕ್ಷಿಣಕ್ಕೆ ಕರೆದೊಯ್ದಾಗ, ಅಲುಗಾಡುತ್ತಿದ್ದ ಸಲೈನ್ ಬಾಟಲಿಯನ್ನು ಕೈಯಲ್ಲಿ ಎತ್ತಿ ಹಿಡಿದು ಕೂತವಳು ನಾನು. ಹೊನ್ನಾವರದ ಸೇತುವೆ ದಾಟುವಾಗ ಅವಳು ನನ್ನ ಹೆಸರು ಹಿಡಿದು ಕರೆದಳು. ಭಟ್ಕಳ ಬರುವಷ್ಟರಲ್ಲಿ ಮಾತು ನಿಂತಿತ್ತು. ಇಂಥ ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ನಾವು ಮುಟ್ಟುವಾಗ ಆ ಹೊತ್ತು ಮೀರಿತ್ತು. ಅವಳು ಬದುಕಿದಳು, ಆದರೆ ಬಲಗೈ ಇಂದಿಗೂ ಏಳುವುದಿಲ್ಲ.

ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾದ ಬಾಂಬೋಳಿ: ನಮ್ಮ ಜೀವ ಉಳಿಯುವ ಜಾಗಗಳೆಲ್ಲ ಜಿಲ್ಲೆಯ ಹೊರಗಿವೆ. ಗೋವಾ ಸರಕಾರ 2018ರಿಂದ ಹೊರರಾಜ್ಯದ ರೋಗಿಗಳಿಗೆ ಶುಲ್ಕ ಹಾಕತೊಡಗಿದ ಮೇಲೆ ಆ ದಾರಿಯೂ ಬಡವರಿಗೆ ಭಾರವಾಯಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ ಇಡೀ ಜಿಲ್ಲೆ ಆಸ್ಪತ್ರೆ ಬೇಕೆಂದು ಬೀದಿಗಿಳಿದದ್ದನ್ನು ಯಾರೂ ಮರೆತಿಲ್ಲ.

ನನ್ನ ನಿಲುವು ಹೀಗಿದೆ. ಹೊಸ ಕಟ್ಟಡದ ಶಂಕುಸ್ಥಾಪನೆಗಿಂತ ಮೊದಲು, 2013ರಿಂದ ನಡೆಯುತ್ತಿರುವ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಹೃದಯ, ನರ ಮತ್ತು ಅಪಘಾತ ಚಿಕಿತ್ಸೆಗೆ ದಿನದ 24 ಗಂಟೆಯೂ ತಜ್ಞರು ಇರಬೇಕು. ವೈದ್ಯರು ಇಲ್ಲಿ ನಿಲ್ಲುವುದಿಲ್ಲ ಎಂಬುದು ಪ್ರತಿ ಸರಕಾರದ ಉತ್ತರ. ಅವರು ನಿಲ್ಲಬೇಕಾದರೆ ಹೆಚ್ಚಿನ ಭತ್ಯೆ, ವಾಸಕ್ಕೆ ಯೋಗ್ಯವಾದ ವಸತಿಗೃಹ ಮತ್ತು ಒಂದು ವಿಭಾಗಕ್ಕೆ ಒಬ್ಬರೇ ಅಲ್ಲದೆ ಕನಿಷ್ಠ ಮೂವರು ಇರುವ ತಂಡ ಬೇಕು, ಏಕೆಂದರೆ ಒಬ್ಬರೇ ತಜ್ಞರಿದ್ದರೆ ಅವರಿಗೆ ರಜೆಯೂ ಇಲ್ಲ, ನಿದ್ದೆಯೂ ಇಲ್ಲ. ಖಾಲಿ ಹುದ್ದೆಗಳ ಪಟ್ಟಿಯನ್ನು ಪ್ರತಿ ತಿಂಗಳು ಆಸ್ಪತ್ರೆಯ ಬಾಗಿಲಿಗೆ ಅಂಟಿಸಬೇಕೆಂದು ಒತ್ತಾಯಿಸುತ್ತೇನೆ. ಕುಮಟಾದಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಾದರೆ ಅದಕ್ಕೂ ನನ್ನ ಬೆಂಬಲವಿದೆ. ಕಾರವಾರವೋ ಕುಮಟೆಯೋ ಎಂಬ ಜಗಳದಲ್ಲಿ ನಾವು ಬೇಕಾದಷ್ಟು ವರ್ಷ ಕಳೆದಿದ್ದೇವೆ.

ಗ್ಯಾರಂಟಿ ಯೋಜನೆ ಇರಬೇಕೋ ಬೇಡವೋ?

ಇರಬೇಕು. ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಮಗಳ ಹಾಸ್ಟೆಲ್ ಖರ್ಚು ನೋಡಿಕೊಂಡ ತಾಯಂದಿರು ನನಗೆ ಗೊತ್ತು. ಆದರೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೂ, ದಿನಕ್ಕೆ ಎರಡೇ ಬಸ್ಸು ಹೋಗುವ ಒಳಊರಿನ ಹೆಂಗಸಿಗೆ ಉಚಿತ ಟಿಕೆಟ್ಟಿನಿಂದ ಸಿಗುವ ಲಾಭ ಅಷ್ಟಕ್ಕಷ್ಟೆ. ಬಸ್ಸಿನ ಸಂಖ್ಯೆ ಹೆಚ್ಚಿಸಿ ಎಂದು ಕೇಳುವುದು ನನ್ನ ಕೆಲಸ.

ನಮ್ಮೂರ ಶಾಲೆಲಿ ಹನ್ನೊಂದೇ ಮಕ್ಕಳು. ಮುಚ್ಚಿ ದೊಡ್ಡ ಶಾಲೆಗೆ ಸೇರಿಸಿದ್ರೆ ತಪ್ಪೇನು?

ಬಯಲುಸೀಮೆಯಲ್ಲಿ ಒಂದು ಕಿಲೋಮೀಟರ್ ಎಂದರೆ ಹದಿನೈದು ನಿಮಿಷದ ನಡಿಗೆ. ನಮ್ಮ ಕಡೆ ಜುಲೈ ತಿಂಗಳ ಒಂದು ಕಿಲೋಮೀಟರಿನಲ್ಲಿ ಒಂದು ಹಳ್ಳ, ಅದರ ಮೇಲೆ ಎರಡು ಅಡಿಕೆ ಮರ ಜೋಡಿಸಿದ ಕಾಲುಸಂಕ, ಆಚೆ ಪಾಚಿ ಕಟ್ಟಿದ ಏರು ಇರುತ್ತದೆ. ಏಳು ವರ್ಷದ ಮಗು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ತಂಗಿಯ ಕೈ ಹಿಡಿದು ಅದನ್ನು ದಾಟುವುದನ್ನು ನಾನು ಶಾಲೆಯ ಜಗುಲಿಯಿಂದ ಉಸಿರು ಬಿಗಿಹಿಡಿದು ನೋಡಿದ್ದೇನೆ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂಬುದು ಶಿಕ್ಷಣ ಹಕ್ಕಿನ ನಿಯಮ. ಆದ್ದರಿಂದ ಕಿರಿಯ ಪ್ರಾಥಮಿಕ ಶಾಲೆಯನ್ನು ಮುಚ್ಚುವುದಕ್ಕೆ ನಾನು ಒಪ್ಪುವುದಿಲ್ಲ. ಆರನೆಯ ತರಗತಿಯಿಂದ ಮೇಲಿನವರನ್ನು, ವಾಹನದ ವ್ಯವಸ್ಥೆ ಖಾತ್ರಿಯಾದ ಕಡೆ, ದೊಡ್ಡ ಶಾಲೆಗೆ ಸೇರಿಸಬಹುದು. ನನ್ನ ನಿಧಿಯ ಮೊದಲ ಹಣ ಶಾಲೆಯ ದಾರಿಯ ಕಾಲುಸಂಕಗಳಿಗೆ ಹೋಗುತ್ತದೆ. ಇದು ಪೂರ್ತಿ ನನ್ನ ಕೈಯಲ್ಲಿರುವ ಮಾತು.

ಕಾರವಾರ ನಮ್ಮದು ಅಂತ ಮಹಾರಾಷ್ಟ್ರದವರು ಮತ್ತೆ ಎದ್ದರೆ?

ಆ ವಾದವನ್ನು ಗಡಿ ವಿವಾದಕ್ಕೆಂದು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲೇ ತಳ್ಳಿಹಾಕಿದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಎನ್ನುವುದು ಇಲ್ಲಿ ಎಂದೂ ಜಗಳದ ಸಂಗತಿಯಾಗಿರಲಿಲ್ಲ. 1992ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದ ಸೇರಿದ ಕೊಂಕಣಿಗೆ ಸಿಗಬೇಕಾದ ಮಾನ ಸಿಗಲಿ. ಕಾರವಾರ ಕರ್ನಾಟಕದ್ದು, ಇದರಲ್ಲಿ ಚರ್ಚೆಗೆ ಉಳಿದದ್ದೇನೂ ಇಲ್ಲ.

## ನೆಲ, ಕಡಲು, ದುಡಿಮೆ

ಸೀಬರ್ಡಿಗೆ ಜಾಗ ಕೊಟ್ಟು ಅಜ್ಜ ಸತ್ತ, ಅಪ್ಪ ಸತ್ತ. ನಮ್ಮ ಕಾಲಕ್ಕಾದ್ರೂ ಪರಿಹಾರ ಬರೂದೋ?

1986ರ ಅಕ್ಟೋಬರ್ 24ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಯ ನೌಕಾನೆಲೆಗೆ ಅಡಿಗಲ್ಲಿಟ್ಟರು; 2005ರಲ್ಲಿ ಅದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಇದಕ್ಕಾಗಿ ಕಾರವಾರ ಮತ್ತು ಅಂಕೋಲಾ ತಾಲೂಕುಗಳ 13 ಹಳ್ಳಿಗಳು ಎದ್ದವು. 4,000ಕ್ಕೂ ಹೆಚ್ಚು ಕುಟುಂಬಗಳು 11,000 ಎಕರೆಗೂ ಮಿಕ್ಕ ನೆಲ ಬಿಟ್ಟುಕೊಟ್ಟವು. ಊರು ತೆರವಾಗುತ್ತಿದ್ದ ದಿನಗಳಲ್ಲಿ ನಾನು ಸಣ್ಣ ವಯಸ್ಸಿನ ಶಿಕ್ಷಕಿ. ಮಕ್ಕಳ ವರ್ಗಾವಣೆ ಪತ್ರದಲ್ಲಿ ‘ಶಾಲೆ ಬಿಟ್ಟ ಕಾರಣ’ ಎಂಬ ಅಂಕಣವಿರುತ್ತದೆ. ಒಂದರ ಹಿಂದೊಂದು ಪತ್ರದಲ್ಲಿ ‘ಪಾಲಕರ ಸ್ಥಳಾಂತರ’ ಎಂದು ಬರೆಯುತ್ತ ಹೋದ ಆ ಮಧ್ಯಾಹ್ನ, ಮಕ್ಕಳು ಹೊರಗೆ ಎಂದಿನಂತೆ ಲಗೋರಿ ಆಡುತ್ತಿದ್ದರು. ಅವರಲ್ಲಿ ಕೆಲವರು ಇಂದು ನಲವತ್ತು ದಾಟಿದ್ದಾರೆ, ಮತ್ತು ಅದೇ ಕಡತ ಹಿಡಿದು ಕಚೇರಿಗೆ ಅಲೆಯುತ್ತಿದ್ದಾರೆ.

ತೊಡಕು ಎಲ್ಲಿದೆ ಎಂದು ತಿಳಿದಿರಬೇಕು. ಪರಿಹಾರ ಕಡಿಮೆಯಾಯಿತೆಂದು ಕೋರ್ಟಿಗೆ ಹೋದವರಿಗೆ ಅದು ಏರಿತು. ಹೋಗಲು ದುಡ್ಡಿಲ್ಲದವರಿಗಾಗಿಯೇ 1894ರ ಭೂಸ್ವಾಧೀನ ಕಾಯ್ದೆಯಲ್ಲಿ 28ಎ ಎಂಬ ಕಲಂ ಇತ್ತು: ಒಂದೇ ಅಧಿಸೂಚನೆಯಡಿ ಜಾಗ ಕಳೆದುಕೊಂಡ ನೆರೆಯವನಿಗೆ ನ್ಯಾಯಾಲಯ ಹೆಚ್ಚು ದರ ಕೊಟ್ಟರೆ, ಆ ತೀರ್ಪಿನಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಿ ತಾನೂ ಅದೇ ದರ ಕೇಳಬಹುದು. ತೀರ್ಪು ಬಂದದ್ದೇ ಗೊತ್ತಾಗದ ಮೀನುಗಾರನಿಗೆ ಮೂರು ತಿಂಗಳ ಗಡುವು ಹೇಗೆ ಗೊತ್ತಾಗಬೇಕು?

ಹಣ ಕೊಡುವುದು ರಕ್ಷಣಾ ಇಲಾಖೆ. ಶಾಸಕಿ ಆ ಚೆಕ್ಕಿಗೆ ಸಹಿ ಹಾಕಲಾರಳು. ಆದರೆ ಯಾವ ಸರ್ವೆ ನಂಬರು, ಯಾರ ಹೆಸರು, ಎಷ್ಟು ಬಂದಿದೆ, ಎಷ್ಟು ಬಾಕಿ, ಯಾವ ಮೇಜಿನಲ್ಲಿ ನಿಂತಿದೆ ಎಂಬ ಪಟ್ಟಿ ರಾಜ್ಯದ ಕಂದಾಯ ಇಲಾಖೆಯ ಕೈಯಲ್ಲೇ ತಯಾರಾಗಬೇಕಾದದ್ದು. ಮೊದಲ ಆರು ತಿಂಗಳಲ್ಲಿ ಆ ಪಟ್ಟಿಯನ್ನು ತೋಡೂರು, ಮುದಗಾ, ಹಾರವಾಡದಂಥ ನಿರಾಶ್ರಿತರು ನೆಲೆಸಿದ ಊರುಗಳಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ವಾರಸಾ ತೊಡಕಿನ ಕಡತಗಳನ್ನು ಅಲ್ಲೇ ಕೂತು ಮುಗಿಸಲು ವಿಶೇಷ ತಹಶೀಲ್ದಾರರನ್ನು ಕೇಳುತ್ತೇನೆ. ನೌಕಾನೆಲೆ ದೇಶಕ್ಕೆ ಬೇಕು, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಬಾಕಿ ತೀರಿಸಬೇಕೆನ್ನುವುದು ದೇಶವಿರೋಧವಲ್ಲ.

ಕೇಣಿ ಬಂದರು ಬೇಕೋ ಬೇಡವೋ? ಸುತ್ತಿಬಳಸದೆ ಹೇಳಿ.

ಬೇಡ. ಅಂಕೋಲೆಯ ಕೇಣಿಯಲ್ಲಿ ವರ್ಷಕ್ಕೆ 30 ದಶಲಕ್ಷ ಟನ್ ಸರಕಿನ ಗುರಿಯಿಟ್ಟ ಈ ಖಾಸಗಿ ಬಂದರಿಗೆ ಸಮುದ್ರದ ಅಂಚನ್ನು ತುಂಬಬೇಕು, ಹೂಳೆತ್ತಬೇಕು, ಅಲೆತಡೆ ಕಟ್ಟಬೇಕು. ಕೇಣಿ, ಬೇಲೇಕೇರಿ, ಬೆಳಂಬಾರದ ಪಾತಿ ಎಂಬ ಸಣ್ಣ ದೋಣಿಯವರು ಬಲೆ ಬಿಡುವುದು ಅದೇ ದಡದಂಚಿನ ನೀರಿನಲ್ಲಿ. ದೊಡ್ಡ ಬೋಟಿನವರು ದೂರ ಹೋಗಿಯಾರು. ಪಾತಿಯವರಿಗೆ ದೂರ ಎಂಬುದಿಲ್ಲ. ದಡದಲ್ಲಿ ಮೀನು ಒಣಗಿಸುವ ಹೆಂಗಸರಿಗೆ ಜಾಗವೇ ಉಳಿಯುವುದಿಲ್ಲ, ಮತ್ತು ಜಮೀನಿನ ಉತಾರದಲ್ಲಿ ಹೆಸರಿಲ್ಲದ ಅವರನ್ನು ಯಾವ ಪರಿಹಾರದ ಪಟ್ಟಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೆಯ ಕಾರಣ ನಮ್ಮ ಅನುಭವ. ಬೇಲೇಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳಲ್ಲಿ ಅಂಕೋಲೆಯ ದಾರಿಬದಿಯ ಮರಗಳ ಎಲೆ ಕೆಂಪಾಗಿತ್ತು. 2010ರಲ್ಲಿ ಅಲ್ಲಿ ಜಪ್ತಿ ಮಾಡಿಟ್ಟ ಅದಿರೇ ಕಾಣೆಯಾಗಿ ದೇಶದಲ್ಲೆಲ್ಲ ಸುದ್ದಿಯಾಯಿತು. ಆ ವಹಿವಾಟಿನಿಂದ ಊರಿಗೆ ಉಳಿದದ್ದು ಧೂಳು ಮತ್ತು ಕೆಟ್ಟ ಹೆಸರು.

ಕಾರವಾರದ ಟಾಗೋರ್ ಕಡಲತೀರದಲ್ಲಿ 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಮೀನುಗಾರರು ನಿಂತಾಗಲೂ ನಾನು ಅವರ ಜೊತೆಗಿದ್ದೆ, ಏಕೆಂದರೆ ಕಾರವಾರ ಪೇಟೆಗೆ ಉಳಿದಿರುವ ತೆರೆದ ಮರಳದಂಡೆ ಅದೊಂದೇ. ಈಗಿರುವ ಬಂದರಿನಲ್ಲಿ ಹೂಳೆತ್ತಲಿ, ಬೈತಖೋಲದ ಮೀನುಗಾರಿಕಾ ಬಂದರಿಗೆ ಮಂಜುಗಡ್ಡೆ ಘಟಕ, ಶೀತಲಗೃಹ ಬರಲಿ. ಅದಕ್ಕೆಲ್ಲ ನಾನೇ ಮುಂದೆ ನಿಲ್ಲುತ್ತೇನೆ.

ಎಲ್ಲದಕ್ಕೂ ಬೇಡ ಅಂದ್ರೆ ನಮ್ಮ ಹುಡುಗರು ಗೋವಾಕ್ಕೇ ಹೋಗಬೇಕೋ?

ಬೆಳಗಿನ ರೈಲಿನಲ್ಲಿ ಡಬ್ಬಿ ಹಿಡಿದು ಮಡಗಾಂವಿಗೆ ಹೋಗುವವರಲ್ಲಿ ನನ್ನ ವಿದ್ಯಾರ್ಥಿಗಳೇ ಅನೇಕರಿದ್ದಾರೆ, ಆದ್ದರಿಂದ ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. ಇಷ್ಟು ದೊಡ್ಡ ಯೋಜನೆಗಳು ಬಂದೂ ಅವರು ರೈಲು ಹತ್ತಬೇಕಾಗಿದೆ. ನೌಕಾನೆಲೆಯ ದುರಸ್ತಿ ಕಾರ್ಯಾಗಾರ ಮತ್ತು ಕೈಗಾದಲ್ಲಿ ವೆಲ್ಡಿಂಗ್, ಫಿಟ್ಟಿಂಗ್, ವಿದ್ಯುತ್ ಕೆಲಸಕ್ಕೆ ಜನ ಬೇಕು. ನಮ್ಮ ಐಟಿಐಗಳ ಪಠ್ಯವನ್ನು ಆ ಅಗತ್ಯಕ್ಕೆ ಹೊಂದಿಸಿ, ನಿರಾಶ್ರಿತ ಕುಟುಂಬದ ಮಕ್ಕಳಿಗೆ ಅಪ್ರೆಂಟಿಸ್ ಅವಕಾಶ ಮೀಸಲಿಡಬೇಕು. ಮೀನು ಸಂಸ್ಕರಣೆ ಇಲ್ಲೇ ಆಗಬೇಕು. ಪ್ರವಾಸಿಗರಿಗೆ ಕೋಣೆ ಕೊಡುವ ಮನೆಗಳಿಗೆ ಪರವಾನಗಿ ಸುಲಭವಾಗಬೇಕು. ಇದೆಲ್ಲ ಸೇರಿದರೂ ಎಲ್ಲರಿಗೂ ಊರಲ್ಲೇ ಕೆಲಸ ಸಿಗುತ್ತದೆಂದು ನಾನು ಮಾತು ಕೊಡಲಾರೆ.

ಲೈಟ್ ಫಿಶಿಂಗ್, ಬುಲ್ ಟ್ರಾಲ್ ನಿಲ್ಲಿಸ್ತ್ರೋ? ಬೋಟಿನವರ ವೋಟು ಬೇಡವೋ?

ದೀಪದ ಬೆಳಕಿಗೆ ಮೀನು ಸೆಳೆದು ಹಿಡಿಯುವುದು ಲೈಟ್ ಫಿಶಿಂಗ್, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು ಬುಲ್ ಟ್ರಾಲ್. ಕೇಂದ್ರ ಸರಕಾರ 2017ರ ನವೆಂಬರಿನಲ್ಲೇ ಎರಡನ್ನೂ ನಿಷೇಧಿಸಿದೆ. ದಡದಿಂದ 12 ನಾಟಿಕಲ್ ಮೈಲಿಯವರೆಗೆ ರಾಜ್ಯದ ಅಧಿಕಾರವಿದೆ; 1986ರ ಕಾಯ್ದೆಯೂ ಇದೆ. ಕೊರತೆಯಿರುವುದು ರಾತ್ರಿ ಹೊತ್ತು ಕಡಲಿಗಿಳಿಯುವ ಗಸ್ತು ದೋಣಿಗಳದ್ದು. ಬೆಳಕು ಬಿಟ್ಟು ಬಂಗಡೆ, ತಾರ್ಲೆಯ ಮರಿಗಳನ್ನೂ ಬಾಚಿದರೆ ಮುಂದಿನ ವರ್ಷ ಬೋಟಿನವರಿಗೂ ಡೀಸೆಲ್ ಖರ್ಚು ಹುಟ್ಟುವುದಿಲ್ಲ ಎಂದು ಬೋಟಿನ ಮಾಲೀಕರೇ ಖಾಸಗಿಯಾಗಿ ಒಪ್ಪುತ್ತಾರೆ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ 61 ದಿನಗಳಲ್ಲಿ ಬೋಟಿನ ಕಾರ್ಮಿಕರಿಗೆ ಸಿಗುವ ನೆರವು ಹೆಚ್ಚಬೇಕು. ಕಾನೂನು ಮಾತ್ರ ಎಲ್ಲರಿಗೂ ಒಂದೇ.

ಅತಿಕ್ರಮಣ ಜಾಗಕ್ಕೆ ಪಟ್ಟಾ ಕೊಡಿಸ್ತ್ರೋ? 75 ವರ್ಷದ ದಾಖಲೆ ಎಲ್ಲಿಂದ ತರೂದು?

2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. ಇಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ. ಸಾಗುವಳಿಯ ಆ ತುಂಡು ಭೂಮಿಗೇ 75 ವರ್ಷದ ಕಾಗದ ಬೇಕಾಗಿಲ್ಲ. ಆ ಪ್ರದೇಶದಲ್ಲಿ ಕುಟುಂಬ ವಾಸವಿದ್ದುದಕ್ಕೆ ಪುರಾವೆ, ಮತ್ತು 2005ರ ಡಿಸೆಂಬರ್ 13ಕ್ಕೆ ಮೊದಲು ಜಾಗ ಸ್ವಾಧೀನದಲ್ಲಿದ್ದುದಕ್ಕೆ ಪುರಾವೆ ಸಾಕು. ಹಿರಿಯರ ಹೇಳಿಕೆಯೂ ಪುರಾವೆ. ಇಂಥದ್ದೇ ದಾಖಲೆ ತನ್ನಿ ಎಂದು ಅರ್ಜಿ ಪರಿಶೀಲಿಸುವ ಸಮಿತಿಗಳು ಪಟ್ಟು ಹಿಡಿಯಬಾರದೆಂದು 2012ರ ತಿದ್ದುಪಡಿ ನಿಯಮ ಹೇಳುತ್ತದೆ. ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ಅಜ್ಜನ ಹೆಸರು ಸಿಕ್ಕಿ ಅರ್ಜಿಗೆ ಬಲ ಬಂದದ್ದನ್ನು ನಾನು ಕಂಡಿದ್ದೇನೆ. ಗ್ರಾಮಸಭೆ ಒಪ್ಪಿದ್ದನ್ನು ಮೇಲಿನವರು ತಿರಸ್ಕರಿಸಿದರೆ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಅದಕ್ಕೆ ನನ್ನ ಕಚೇರಿಯಲ್ಲಿ ಒಬ್ಬರು ವಕೀಲರು ಇರುತ್ತಾರೆ. 2005ರ ನಂತರ ಕಡಿದ ಹೊಸ ಕಾಡಿಗೆ ಮಾತ್ರ ನಾನು ಶಿಫಾರಸು ಬರೆಯುವುದಿಲ್ಲ, ಯಾರೇ ಕೇಳಿದರೂ.

## ಇನ್ನೂ ಆಳಕ್ಕಿಳಿದು ಕೇಳುವವರಿಗೆ

ಶಿರೂರಿನಲ್ಲಿ ಆದದ್ದು ಇನ್ನೊಂದು ಕಡೆ ಆಗುದಿಲ್ಲ ಅಂತ ಯಾರು ಹೇಳ್ತಾರೆ?

ಯಾರೂ ಹೇಳಲಾರರು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಬದಿಯ ಚಹಾದಂಗಡಿಯ ಕುಟುಂಬವನ್ನೂ ಅಲ್ಲಿ ನಿಂತಿದ್ದವರನ್ನೂ ಗಂಗಾವಳಿಗೆ ನೂಕಿತು. ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಅದಾಗಿ ತಿಂಗಳೊಳಗೆ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಕುಸಿಯಿತು. ಅಗಲೀಕರಣಕ್ಕಾಗಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿದ ಕಡೆಗಳಲ್ಲೆಲ್ಲ ಅಪಾಯವಿದೆ: ಮೇಲಿನ ಜಂಬಿಟ್ಟಿಗೆ ಮಣ್ಣು ನೀರು ಕುಡಿದು ಭಾರವಾದಾಗ ಕೆಳಗೆ ಆತುಕೊಳ್ಳಲು ಇಳಿಜಾರಿಲ್ಲ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಮೇಲಿನಿಂದಲೇ ನೀರಿಗೆ ಗಟಾರು ಬೇಕು. ಭೂವಿಜ್ಞಾನಿಗಳು ಅಪಾಯವೆಂದು ಗುರುತಿಸಿದ ತಾಣಗಳ ಪಟ್ಟಿ ಕನ್ನಡದಲ್ಲಿ ಪ್ರತಿ ಪಂಚಾಯತಿಯಲ್ಲಿರಬೇಕು. ಆ ಕೆಲಸ ಮುಗಿಯುವವರೆಗೆ ಇಲ್ಲಿ ಟೋಲ್ ವಸೂಲಿ ನಿಲ್ಲಲಿ ಎಂಬುದು ನನ್ನ ಬೇಡಿಕೆ.

ಕೈಗಾ 5–6ಕ್ಕೆ ನಿಮ್ಮ ವಿರೋಧವೋ? ಕದ್ರಾ ನೀರು ಬಿಟ್ಟಾಗ ನಮ್ಮ ಗತಿ?

ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಈಗಾಗಲೇ ಇವೆ. ಇನ್ನು 700 ಮೆಗಾವಾಟಿನ ಎರಡು ಬರುವುದಾದರೆ ಸುತ್ತಲಿನ ಊರುಗಳ ಆರೋಗ್ಯ ಸಮೀಕ್ಷೆಯನ್ನು ಸ್ವತಂತ್ರ ಸಂಸ್ಥೆಯಿಂದ ಮಾಡಿಸಿ, ಕನ್ನಡದಲ್ಲಿ ಪ್ರಕಟಿಸುವವರೆಗೆ ನನ್ನ ಒಪ್ಪಿಗೆಯಿಲ್ಲ. ರೋಗಕ್ಕೆಲ್ಲ ಸ್ಥಾವರವೇ ಕಾರಣವೆಂದು ಪುರಾವೆಯಿಲ್ಲದೆ ನಾನು ಹೇಳಲಾರೆ. ಪುರಾವೆ ಕೇಳುವುದು ನಮ್ಮ ಹಕ್ಕು.

ಕಾಳಿ ನದಿಯ ಕದ್ರಾ ಅಣೆಕಟ್ಟು ಬೇರೆ ವಿಷಯ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕೆಳದಂಡೆಯ ಮನೆಗಳಿಗೆ ನೀರು ನುಗ್ಗಿತು. ವಿದ್ಯುತ್ತಿಗಾಗಿ ಜಲಾಶಯವನ್ನು ತುಂಬಿಯೇ ಇಟ್ಟುಕೊಂಡರೆ, ಘಟ್ಟದಲ್ಲಿ ಒಂದೇ ರಾತ್ರಿ ದೊಡ್ಡ ಮಳೆ ಬಂದಾಗ ಗೇಟು ತೆರೆಯದೆ ಬೇರೆ ದಾರಿಯಿರುವುದಿಲ್ಲ. ಜೂನ್–ಆಗಸ್ಟಿನಲ್ಲಿ ಇಷ್ಟು ಅಡಿ ಖಾಲಿ ಇರಲೇಬೇಕೆಂಬ ಲಿಖಿತ ನಿಯಮ ಮತ್ತು ಮಲ್ಲಾಪುರದಿಂದ ಕೆಳಗಿನ ಪ್ರತಿ ಊರಿಗೂ ಕೇಳುವ ಸೈರನ್ ಬೇಕು. ಇದು ರಾಜ್ಯದ ಕೈಯಲ್ಲಿರುವ ಕೆಲಸವಾದ್ದರಿಂದ ಸದನದಲ್ಲಿ ನನ್ನ ಮೊದಲ ಪ್ರಶ್ನೆ ಇದೇ.

ಹುಬ್ಬಳ್ಳಿ–ಅಂಕೋಲಾ ರೈಲು?

ಎರಡು ದಶಕಕ್ಕೂ ಮೀರಿ ಕಡತದಲ್ಲಿರುವ ಈ ಮಾರ್ಗದ ಬಗ್ಗೆ ನನ್ನ ಮನಸ್ಸು ಎರಡಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ, ಕಾಲೇಜಿಗೆ ರೈಲು ಬೇಕು. ಆದರೆ ಯೋಜನೆಯ ಹಿಂದಿನ ಲೆಕ್ಕಾಚಾರವೆಲ್ಲ ಅದಿರು ಮತ್ತು ಕಲ್ಲಿದ್ದಲಿನದ್ದು, ದಾರಿಯೋ ದಟ್ಟ ಕಾಡಿನದ್ದು. ಸುರಂಗ ಹೆಚ್ಚಿಸಿ ಮರ ಕಡಿತ ತಗ್ಗಿಸಿದ, ಪ್ರಯಾಣಿಕರ ರೈಲಿಗೆ ಖಾತ್ರಿಯಿರುವ ನಕ್ಷೆ ತಂದರೆ ಬೆಂಬಲಿಸುತ್ತೇನೆ. ಅಲ್ಲಿಯವರೆಗೆ ಹುಬ್ಬಳ್ಳಿಗೆ ಹೋಗುವ ಅರಬೈಲ್ ಘಟ್ಟದ ರಸ್ತೆಯನ್ನು ಮಳೆಗಾಲದಲ್ಲೂ ನಂಬುವ ಹಾಗೆ ಮಾಡಲಿ.

ಹಾಲಕ್ಕಿಗಳನ್ನ ಎಸ್‌ಟಿಗೆ ಸೇರಿಸೂದು ಎಂದು?

ಹಾಲಕ್ಕಿ ಒಕ್ಕಲಿಗ ಸಮುದಾಯವನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ನ್ಯಾಯವಾದದ್ದು. ಬಡಗೇರಿಯ ಜನಪದ ಹಾಡುಗಾರ್ತಿ, ಪದ್ಮಶ್ರೀ ಸುಕ್ರಿ ಬೊಮ್ಮಗೌಡರು ಸಾರಾಯಿಯ ವಿರುದ್ಧ ಹೋರಾಡಿದ ಹಾಗೆಯೇ ಇದನ್ನೂ ಕೊನೆಯವರೆಗೆ ಕೇಳುತ್ತಿದ್ದರು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗಲೂ ಅದು ಈಡೇರಿರಲಿಲ್ಲ. ಸಂವಿಧಾನದ 342ನೇ ವಿಧಿಯ ಪ್ರಕಾರ ಪಟ್ಟಿ ಬದಲಿಸುವುದು ಸಂಸತ್ತು. ಜಿಲ್ಲೆಯ ಸಿದ್ದಿಗಳು 2003ರಲ್ಲಿ ಸೇರಿದ್ದು ಇದೇ ದಾರಿಯಲ್ಲಿ. ಕೇಂದ್ರ ಕೇಳುವ ಕುಲಶಾಸ್ತ್ರೀಯ ವಿವರಗಳಿಗೆ ರಾಜ್ಯ ಪೂರ್ಣ ಉತ್ತರ ಕಳಿಸುವಂತೆ ಬೆನ್ನು ಹತ್ತುವುದು ನನ್ನಿಂದ ಆಗುವ ಕೆಲಸ.

ಕಸ್ತೂರಿರಂಗನ್ ವರದಿ ಬಂದ್ರೆ ಮನೆ ಕಟ್ಟೂಕೂ ಆಗುದಿಲ್ಲ ಅಂತಾರೆ. ನೀವು ಪರವೋ ವಿರೋಧವೋ?

ಪಶ್ಚಿಮಘಟ್ಟದ ರಕ್ಷಣೆಯ ಬಗೆಗಿನ ಈ ವರದಿಯ ಆಧಾರದಲ್ಲಿ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಮನೆ ಕಟ್ಟಲು, ತೋಟ ಮಾಡಲು ನಿಷೇಧವಿಲ್ಲ. ನಿಷೇಧವಿರುವುದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆಗೆ, ಹೊಸ ಉಷ್ಣ ವಿದ್ಯುತ್ ಸ್ಥಾವರಕ್ಕೆ, ಅತಿ ಮಾಲಿನ್ಯದ ಕೈಗಾರಿಕೆಗೆ ಮತ್ತು 20,000 ಚದರ ಮೀಟರಿಗೆ ಮೀರಿದ ಕಟ್ಟಡಗಳಿಗೆ. 2024ರ ಜುಲೈ 31ರ ಆರನೆಯ ಕರಡು ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಆ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು.

ಪೂರ್ತಿ ತಿರಸ್ಕಾರ ತಪ್ಪೆಂದು ನಾನು ತಿಳಿದಿದ್ದೇನೆ, ಶಿರೂರನ್ನು ಕಂಡ ಮೇಲೆ ಇನ್ನಷ್ಟು. ಉಪಗ್ರಹದ ಚಿತ್ರ ನೋಡಿ, ತೋಟವನ್ನೂ ಕಾಡೆಂದು ಎಣಿಸಿ ಗೆರೆ ಎಳೆದದ್ದೂ ತಪ್ಪು. ಕನ್ನಡದ ನಕ್ಷೆಯನ್ನು ಊರಿನ ಮುಂದೆ ಹಾಸಿ, ಇದು ಗದ್ದೆ, ಇದು ಬೆಟ್ಟ, ಇದು ದೇವರಕಾಡು ಎಂದು ಜನರೇ ಬೆರಳಿಟ್ಟು ತೋರಿಸುವ ಗ್ರಾಮಸಭೆ ಪ್ರತಿ ಊರಲ್ಲೂ ನಡೆಯಬೇಕು. ಸದನದಲ್ಲಿ ಈ ವಿಷಯಕ್ಕೆ ಮತ ಹಾಕುವ ದಿನ ಬಂದರೆ ಆ ಸಭೆಗಳ ನಡಾವಳಿ ನನ್ನ ಕೈಯಲ್ಲಿರುತ್ತದೆ, ಅದರಲ್ಲಿ ಬರೆದಂತೆ ಮತ ಹಾಕುತ್ತೇನೆ.